ಬಯೋ ಮೀಡಿಯಾ ಎಲ್ಲಿಡಬೇಕು? ರೀಫ್ ಟ್ಯಾಂಕಿನಲ್ಲಿ ನೀರಿನ ದಾರಿ ನೋಡಿ ಜಾಗ ಹುಡುಕಿ

ರೀಫ್ ಟ್ಯಾಂಕ್, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಅಕ್ವೇರಿಯಂ, ಇಡುವವರು ಬಯೋ ಮೀಡಿಯಾ (ನೀರು ಶುದ್ಧ ಮಾಡುವ ಸೂಕ್ಷ್ಮಜೀವಿಗಳು ಕೂರಲು ಇಡುವ ತೂತುತೂತಾದ ಕಲ್ಲು) ಕೊಳ್ಳುವಾಗ ಯಾವ ಕಂಪನಿಯದು ಒಳ್ಳೆಯದು, ಎಷ್ಟು ಲೀಟರ್ ಬೇಕು, ಉಂಗುರವೋ ಇಟ್ಟಿಗೆಯೋ ಅಂತ ವಾರಗಟ್ಟಲೆ ವಿಚಾರಿಸುತ್ತಾರೆ. ತಂದ ಮೇಲೆ ಮಾತ್ರ ಸಂಪಿನಲ್ಲಿ (ಟ್ಯಾಂಕಿನ ಕೆಳಗೆ ಇಡುವ, ಕೋಣೆಗಳಿರುವ ಫಿಲ್ಟರ್ ತೊಟ್ಟಿ) ಎಲ್ಲಿ ಜಾಗ ಖಾಲಿ ಕಾಣುತ್ತದೋ ಅಲ್ಲಿ ಸುಮ್ನೆ ಇಟ್ಟುಬಿಡುತ್ತಾರೆ. ಇದು ಉಲ್ಟಾ ಆಯಿತು. ಮೀಡಿಯಾ ಯಾವುದು ಅನ್ನುವುದಕ್ಕಿಂತ ಅದನ್ನು ಮುಟ್ಟುವ ನೀರು ಎಂಥದು ಅನ್ನುವುದು ಜಾಸ್ತಿ ಮುಖ್ಯ. ಒಂದೇ ಡಬ್ಬಿಯಿಂದ ತೆಗೆದ ಕಲ್ಲುಗಳು ಒಂದು ಕಡೆ ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡುತ್ತವೆ, ಇನ್ನೊಂದು ಕಡೆ ಕೆಲವೇ ತಿಂಗಳಲ್ಲಿ ಹೂಳು ತುಂಬಿಕೊಂಡು ಕೂರುತ್ತವೆ.

ಇದು ಯಾಕೆ ಅಂತ ತಿಳಿಯಬೇಕಾದರೆ ಆ ಕಲ್ಲಿನ ಮೇಲೆ ಏನು ನಡೆಯುತ್ತದೆ ಅಂತ ನೋಡಬೇಕು. ಮೀನಿನ ಮೈಯಿಂದ ಹೊರಬೀಳುವ ಸಾರಜನಕದ ಕಸದಲ್ಲಿ ಬಹುಪಾಲು ಕಿವಿರುಗಳ ಮೂಲಕವೇ ಅಮೋನಿಯವಾಗಿ ಬರುತ್ತದೆ. ತಿನ್ನದೆ ಉಳಿದ ತಿನಿಸು, ಹಿಕ್ಕೆ, ಬಂಡೆ ಸಂದಿಯಲ್ಲಿ ಸತ್ತ ಬಸವನಹುಳು, ಇವೆಲ್ಲ ಕೊಳೆತಾಗಲೂ ಅಮೋನಿಯವೇ ಬರುವುದು. ಪಿಎಚ್ ಏರಿದಷ್ಟೂ ಅಮೋನಿಯದಲ್ಲಿ ವಿಷಕಾರಿ ರೂಪದ ಪಾಲು ಏರುತ್ತದೆ, ರೀಫ್ ಟ್ಯಾಂಕಿನ ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇರುತ್ತದೆ, ಹಾಗಾಗಿ ಇಲ್ಲಿ ಅಮೋನಿಯ ಸ್ವಲ್ಪವೂ ನಿಲ್ಲಬಾರದು. ಒಂದು ಗುಂಪಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಕೆಲಸ ಬ್ಯಾಕ್ಟೀರಿಯಾ ಮಾತ್ರ ಮಾಡುವುದು ಅಂತ ಬಹಳ ಕಾಲ ಅಂದುಕೊಂಡಿದ್ದರು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ಉಪ್ಪುನೀರಿನ ತೊಟ್ಟಿಯಿಂದ ನೈಟ್ರೊಸೊಪ್ಯುಮಿಲಸ್ ಮ್ಯಾರಿಟಿಮಸ್ ಅನ್ನುವ ಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಅದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಅನ್ನುವ ಬೇರೆಯೇ ವಂಶದ್ದು, ಆದರೂ ಅಮೋನಿಯವನ್ನೇ ತಿಂದು ಬದುಕುತ್ತದೆ. ಇಡೀ ಸಾಗರದಲ್ಲಿ ಹರಡಿಕೊಂಡಿರುವ ಒಂದು ಗುಂಪಿನ ಗುಟ್ಟು ಅಕ್ವೇರಿಯಂ ತೊಟ್ಟಿಯೊಂದರಲ್ಲಿ ಬಯಲಾಯಿತು ಅನ್ನುವುದು ನನಗೆ ಈಗಲೂ ಖುಷಿ ಕೊಡುವ ವಿಷಯ.

ಇವುಗಳ ಸ್ವಭಾವದಲ್ಲಿ ಮೂರು ಸಂಗತಿ ನೆನಪಿಟ್ಟುಕೊಂಡರೆ ಮೀಡಿಯಾ ಎಲ್ಲಿಡಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಮೊದಲನೆಯದು, ಇವು ಹೆಚ್ಚಾಗಿ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ಊಟ ಹುಡುಕಿಕೊಂಡು ಹೋಗುವುದಿಲ್ಲ, ನೀರು ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡನೆಯದು, ಇವಕ್ಕೆ ಆಮ್ಲಜನಕ ಬೇಕೇ ಬೇಕು, ಅದೂ ಸಿಕ್ಕಾಪಟ್ಟೆ. ಅಮೋನಿಯದಲ್ಲಿರುವ 1 ಗ್ರಾಂ ಸಾರಜನಕ ನೈಟ್ರೇಟ್ ಆಗುವಷ್ಟರಲ್ಲಿ ಸುಮಾರು 4.5 ಗ್ರಾಂ ಆಮ್ಲಜನಕ ಖರ್ಚಾಗುತ್ತದೆ. 25 ಡಿಗ್ರಿಯ ಸಮುದ್ರದ ನೀರಿನಲ್ಲಿ ಕರಗಿ ಇರಬಲ್ಲ ಆಮ್ಲಜನಕ ಲೀಟರಿಗೆ 7 ಮಿಲಿಗ್ರಾಂ ಕೂಡ ಇಲ್ಲ, ಸಿಹಿನೀರಾದರೆ 8 ದಾಟುತ್ತದೆ, ಅಂದರೆ ನಮ್ಮ ಟ್ಯಾಂಕ್ ಶುರುವಿನಲ್ಲೇ ಕೊರತೆಯಲ್ಲಿದೆ. ಮೂರನೆಯದು, ಇವು ಬಹಳ ನಿಧಾನಕ್ಕೆ ಬೆಳೆಯುತ್ತವೆ. ಕೊಳೆಯುವ ವಸ್ತು ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾ ಗಂಟೆಯೊಳಗೆ ದುಪ್ಪಟ್ಟಾಗಬಲ್ಲವು, ಅಮೋನಿಯ ತಿನ್ನುವವು ದುಪ್ಪಟ್ಟಾಗಲು ಎಷ್ಟೋ ಗಂಟೆ, ಒಮ್ಮೊಮ್ಮೆ ಒಂದು ದಿನಕ್ಕಿಂತಲೂ ಜಾಸ್ತಿ ತೆಗೆದುಕೊಳ್ಳುತ್ತವೆ. ಹೊಸ ಟ್ಯಾಂಕ್ ಸೈಕಲ್ ಆಗಲು, ಅಂದರೆ ಈ ಜೀವಿಗಳು ಸಾಕಷ್ಟು ಬೆಳೆದು ನೆಲೆಯಾಗಲು, ವಾರಗಟ್ಟಲೆ ಕಾಯಬೇಕಾಗುವುದು ಇದಕ್ಕೇ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ಮೀಡಿಯಾ ಮೇಲೆ ಹಿಕ್ಕೆ, ತಿನಿಸಿನ ಚೂರು, ಪಾಚಿಯ ಎಸಳು ಬಂದು ಕೂತರೆ ಅದನ್ನು ತಿನ್ನುವ ಸಾಮಾನ್ಯ ಬ್ಯಾಕ್ಟೀರಿಯಾ ಬೇಗ ಬೆಳೆದು ಜಾಗ ಹಿಡಿಯುತ್ತವೆ, ಇದ್ದಬದ್ದ ಆಮ್ಲಜನಕವನ್ನೂ ಅವೇ ಬಳಸಿಕೊಳ್ಳುತ್ತವೆ. ನಿಧಾನಕ್ಕೆ ಬೆಳೆಯುವವು ಅದರ ಕೆಳಗೆ ಮುಚ್ಚಿಹೋಗುತ್ತವೆ. ಅಷ್ಟೇ ಅಲ್ಲ, ಕೂತ ಕಸ ಅಲ್ಲೇ ಕೊಳೆತು ಹೊಸ ಅಮೋನಿಯ ಕೊಡುತ್ತದೆ. ಅಮೋನಿಯ ತೆಗೆಯಲಿ ಅಂತ ಇಟ್ಟ ಕಲ್ಲೇ ಅಮೋನಿಯದ ಮೂಲವಾಗುತ್ತದೆ. ಆದ್ದರಿಂದ ಮೀಡಿಯಾಗೆ ಬರುವ ನೀರು ಮೊದಲೇ ಸೋಸಿ ಬಂದಿರಬೇಕು, ಅದರಲ್ಲಿ ಆಮ್ಲಜನಕ ತುಂಬಿರಬೇಕು, ಅದು ನಿಲ್ಲದೆ ಹರಿಯುತ್ತಿರಬೇಕು.

ಈಗ ಸಂಪಿನೊಳಗೆ ನೀರಿನ ಜೊತೆ ಒಂದು ಸುತ್ತು ಹೋಗೋಣ. ಡಿಸ್‌ಪ್ಲೇ ಟ್ಯಾಂಕಿನಿಂದ, ಅಂದರೆ ಮೀನು ಹವಳ ಇರುವ ಮೇಲಿನ ಟ್ಯಾಂಕಿನಿಂದ, ಕೆಳಗೆ ಬೀಳುವ ನೀರು ಮೊದಲು ಕಸ ಸೋಸುವ ಫಿಲ್ಟರ್ ಸಾಕ್ (ಬಟ್ಟೆ ಚೀಲ) ಅಥವಾ ರೋಲರ್‌ಗೆ ಬರುತ್ತದೆ. ಇದರ ಕೆಳಗೇ ಮೀಡಿಯಾ ಇಡುವವರು ತುಂಬಾ ಜನ, ಯಾಕೆಂದರೆ ಅಲ್ಲಿ ಜಾಗ ಇರುತ್ತದೆ. ಆದರೆ ಸಾಕ್ ತುಂಬಿದ ದಿನ ನೀರು ಮೇಲಿಂದ ಉಕ್ಕಿ ಹೋಗುತ್ತದೆ, ಆಗ ಕಸವೆಲ್ಲ ನೇರವಾಗಿ ಮೀಡಿಯಾ ಮೇಲೆ. ಅದರ ಮುಂದೆ ಸ್ಕಿಮ್ಮರ್ ಕೋಣೆ. ಸ್ಕಿಮ್ಮರ್ ಪ್ರೋಟೀನ್‌ನಂಥ ವಸ್ತುಗಳನ್ನು ಕೊಳೆಯುವ ಮುಂಚೆಯೇ ನೊರೆಯಾಗಿ ಹೊರಗೆ ತೆಗೆಯುತ್ತದೆ, ಜೊತೆಗೆ ನೀರಿಗೆ ಗಾಳಿ ಬೆರೆಸುತ್ತದೆ. ಮೀಡಿಯಾಗೆ ಬೇಕಾದ ಎರಡೂ ಕೆಲಸ ಅಲ್ಲೇ ಆಗಿಬಿಟ್ಟಿರುತ್ತದೆ, ಹಾಗಾಗಿ ಮೀಡಿಯಾ ಸ್ಕಿಮ್ಮರಿನ ನಂತರ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಕಿಮ್ಮರ್ ಕೋಣೆಯೊಳಗೇ ಅದರ ಸುತ್ತ ಕಲ್ಲು ಜೋಡಿಸುವುದು ಬೇಡ, ಮೂಲೆಗಳಲ್ಲಿ ಹೂಳು ಕೂರುತ್ತದೆ, ಸ್ಕಿಮ್ಮರ್ ಎತ್ತಿ ತೊಳೆಯುವಾಗಲೆಲ್ಲ ಕಲ್ಲು ಸರಿಸುತ್ತಾ ಕೂರಬೇಕಾಗುತ್ತದೆ.

ರೆಫ್ಯೂಜಿಯಂ, ಅಂದರೆ ಪಾಚಿ ಬೆಳೆಸುವ ಕೋಣೆ, ಇದ್ದರೆ ಅಲ್ಲಿ ಲೈಟ್ ಇರುತ್ತದೆ. ಬೆಳಕಿನಲ್ಲಿಟ್ಟ ಮೀಡಿಯಾ ಮೇಲೆ ಪಾಚಿ ಹತ್ತುತ್ತದೆ, ತೂತುಗಳು ಮುಚ್ಚುತ್ತವೆ. ಅಮೋನಿಯ ತಿನ್ನುವ ಜೀವಿಗಳಿಗೂ ಜೋರು ಬೆಳಕು ಆಗಿಬರುವುದಿಲ್ಲ. ಕತ್ತಲೆ ಇರುವ ಕಡೆಯೇ ಇಡಿ.

ಕೊನೆಯದು ನೀರನ್ನು ಮೇಲಿನ ಟ್ಯಾಂಕಿಗೆ ವಾಪಸ್ ತಳ್ಳುವ ರಿಟರ್ನ್ ಪಂಪಿನ ಕೋಣೆ. ಶುದ್ಧ ನೀರು, ಒಳ್ಳೆ ಹರಿವು, ಎಲ್ಲ ಸರಿ ಅನ್ನಿಸುತ್ತದೆ. ಆದರೆ ಟ್ಯಾಂಕಿನಿಂದ ಆವಿಯಾಗಿ ಹೋದ ನೀರಿನ ಕೊರತೆ ಪೂರ್ತಿ ಕಾಣಿಸುವುದು ಈ ಒಂದೇ ಕೋಣೆಯಲ್ಲಿ, ಬೇರೆ ಕೋಣೆಗಳ ಮಟ್ಟ ತಡೆಗೋಡೆಗಳಿಂದಾಗಿ ಹಾಗೇ ಇರುತ್ತದೆ. ಅಲ್ಲಿ ಎರಡು ಇಟ್ಟಿಗೆ ಇಟ್ಟರೆ ಅವು ಹಿಡಿದ ಜಾಗದಷ್ಟು ನೀರು ಕಡಿಮೆ ಆಗುತ್ತದೆ, ಆವಿಯಾದ ನೀರನ್ನು ತಾನಾಗಿ ತುಂಬುವ ಟಾಪ್ ಆಫ್ ಒಂದು ದಿನ ಕೈಕೊಟ್ಟರೆ ಪಂಪ್ ಬೇಗ ಗಾಳಿ ಎಳೆಯಲು ಶುರುಮಾಡುತ್ತದೆ. ಸೆರಾಮಿಕ್ ಚೂರು ಮುರಿದು ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ಗೆ ಹೋಗುವ ಭಯವೂ ಇದೆ. ಆದ್ದರಿಂದ ಸ್ಕಿಮ್ಮರ್ ಆದ ಮೇಲೆ, ರಿಟರ್ನ್ ಪಂಪಿಗೆ ಮುಂಚೆ, ನಡುವೆ ಒಂದು ಕೋಣೆ ಸಿಕ್ಕರೆ ಅದೇ ಸರಿಯಾದ ಜಾಗ.

ಜಾಗ ಸಿಕ್ಕಿತು ಅಂದಮೇಲೆ ಇಡುವ ರೀತಿಯೂ ಅಷ್ಟೇ ಮುಖ್ಯ, ಇಲ್ಲಿಯೇ ತುಂಬಾ ಜನ ಎಡವುವುದು. ನೀರು ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಒಂದು ಜಾಲರಿ ಚೀಲದ ತುಂಬ ಉಂಗುರ ತುಂಬಿ ಕೋಣೆಯ ಮೂಲೆಯಲ್ಲಿ ಇಟ್ಟರೆ ನೀರು ಚೀಲದ ಪಕ್ಕದಿಂದ ಹೋಗುತ್ತದೆ, ಚೀಲದ ನಡುವಿನ ಉಂಗುರಗಳಿಗೆ ಊಟವೂ ಇಲ್ಲ, ಗಾಳಿಯೂ ಇಲ್ಲ. ಹಾಗಂತ ಕೋಣೆಗೆ ಅಡ್ಡಲಾಗಿ ಇಟ್ಟಿಗೆಯನ್ನು ಬಿಗಿಯಾಗಿ ತುರುಕಿ ಎಲ್ಲ ನೀರೂ ಅದರೊಳಗಿಂದಲೇ ಹೋಗಲಿ ಅಂತ ಮಾಡಿದರೆ, ತೂತು ಕಟ್ಟಿಕೊಳ್ಳುತ್ತಾ ಹೋದಂತೆ ಹಿಂದಿನ ಕೋಣೆಯ ಮಟ್ಟ ಏರುತ್ತದೆ, ಸ್ಕಿಮ್ಮರ್ ಕಪ್ ಉಕ್ಕುತ್ತದೆ, ಅತಿಯಾದರೆ ಸಂಪೇ ಉಕ್ಕಿ ನೆಲಕ್ಕೆ ಬರಬಹುದು. ನಡುವಿನ ದಾರಿ ಹೀಗೆ: ಕಾಲು ಕೊಟ್ಟ ಪ್ಲಾಸ್ಟಿಕ್ ಜಾಲರಿ ಹಲಗೆಯ ಮೇಲೆ, ತಳದಿಂದ ಮೂರು ನಾಲ್ಕು ಸೆಂಟಿಮೀಟರ್ ಎತ್ತರದಲ್ಲಿ, ಮೀಡಿಯಾವನ್ನು ತೆಳ್ಳಗೆ ಹರಡಿ ಇಡಿ. ಇಟ್ಟಿಗೆಗಳಾದರೆ ಒಂದಕ್ಕೊಂದು ತಾಗದಂತೆ ಬೆರಳು ತೂರುವಷ್ಟು ಸಂದಿ ಬಿಟ್ಟು ನಿಲ್ಲಿಸಿ. ಕೆಳಗೆ ಬಿಟ್ಟ ಆ ಸಂದಿ ನೀರಿಗೆ ಮಾತ್ರ ಅಲ್ಲ, ನಿಮ್ಮ ಸೈಫನ್ ಪೈಪಿಗೂ ಬೇಕು. ಹಗುರವಾದ ಹೂಳು ಎಷ್ಟೇ ಸೋಸಿದರೂ ಬಂದೇ ಬರುತ್ತದೆ. ಅದು ಹಲಗೆಯ ಕೆಳಗೆ ಕೂತರೆ ಪೈಪ್ ತೂರಿಸಿ ಎಳೆದುಬಿಡಬಹುದು, ಮೀಡಿಯಾ ಮುಟ್ಟುವ ಕೆಲಸವೇ ಇಲ್ಲ.

ಡಬ್ಬಿಯ ಮೇಲೆ ಬರೆದಿರುವ ಮೇಲ್ಮೈ ಲೆಕ್ಕದ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಲೀಟರಿನಲ್ಲಿ ಇಷ್ಟು ನೂರು ಚದರ ಮೀಟರ್ ಅಂತ ಬರೆದಿರುತ್ತಾರೆ. ಆ ಲೆಕ್ಕದಲ್ಲಿ ಬಹುಪಾಲು ಕಲ್ಲಿನ ಒಳಗಿನ ಸಣ್ಣ ಸಣ್ಣ ತೂತುಗಳದ್ದು. ಬ್ಯಾಕ್ಟೀರಿಯಾ ಸುಮಾರು ಒಂದು ಮೈಕ್ರಾನ್ ಗಾತ್ರದವು, ಅದಕ್ಕಿಂತ ಚಿಕ್ಕ ತೂತು ಅವಕ್ಕೆ ಉಪಯೋಗಕ್ಕೆ ಬಾರದು. ಹಿಡಿಸುವಂಥ ತೂತಿನಲ್ಲೂ ಒಳಗೆ ಹೋದಷ್ಟೂ ನೀರು ಹರಿಯುವುದಿಲ್ಲ, ಆಮ್ಲಜನಕ ನಿಧಾನಕ್ಕೆ ಹರಡಿಕೊಂಡು ಹೋಗಬೇಕು, ಹಾಗೆ ಹರಡುವಾಗ ದೂರ ದುಪ್ಪಟ್ಟಾದರೆ ಸಮಯ ನಾಲ್ಕು ಪಟ್ಟು. ದಾರಿಯಲ್ಲಿ ಕೂತ ಜೀವಿಗಳು ಅದನ್ನು ಬಳಸಿಕೊಳ್ಳುತ್ತಲೂ ಇರುತ್ತವೆ. ಹಾಗಾಗಿ ಅಮೋನಿಯದ ಕೆಲಸ ನಡೆಯುವುದು ಕಲ್ಲಿನ ಹೊರ ಪದರದಲ್ಲಿ ಮಾತ್ರ. ಹರಿವು ಚೆನ್ನಾಗಿದ್ದರೆ ಕಲ್ಲಿಗೆ ಅಂಟಿಕೊಂಡ ನಿಂತ ನೀರಿನ ಪೊರೆ ತೆಳ್ಳಗಾಗಿ ಆ ಪದರಕ್ಕೆ ಊಟ, ಗಾಳಿ ಎರಡೂ ಬೇಗ ಸಿಗುತ್ತವೆ.

ಒಳಗಿನ ಆಮ್ಲಜನಕ ಇಲ್ಲದ ಜಾಗ ವ್ಯರ್ಥವೇ ಅಂದರೆ, ಇಲ್ಲ. ಅಲ್ಲಿ ಬೇರೆ ಬ್ಯಾಕ್ಟೀರಿಯಾ ನೈಟ್ರೇಟ್‌ನಲ್ಲಿರುವ ಆಮ್ಲಜನಕವನ್ನೇ ಬಳಸಿಕೊಂಡು ಉಸಿರಾಡುತ್ತವೆ, ಉಳಿದ ಸಾರಜನಕ ಅನಿಲವಾಗಿ ನೀರಿನಿಂದ ಹೊರಟುಹೋಗುತ್ತದೆ. ಡಿನೈಟ್ರಿಫಿಕೇಶನ್ ಅನ್ನುವುದು ಇದನ್ನೇ. ಇದಕ್ಕೆ ದಪ್ಪ ಇಟ್ಟಿಗೆ, ಮೆಲ್ಲನೆಯ ಹರಿವು ಬೇಕು, ಜೊತೆಗೆ ತಿನ್ನಲು ಸ್ವಲ್ಪ ಇಂಗಾಲದ ವಸ್ತುವೂ ಒಳಗೆ ತಲುಪಬೇಕು. ಅಮೋನಿಯಕ್ಕೆ ಜೋರು ಹರಿವು, ನೈಟ್ರೇಟಿಗೆ ಮೆಲ್ಲನೆ ಹರಿವು, ಎರಡೂ ಒಂದೇ ಜಾಗದಲ್ಲಿ ಸಿಗುವುದಿಲ್ಲ ಅಲ್ವಾ? ಜಾಗ ಇದ್ದವರು ಉಂಗುರಗಳನ್ನು ಹರಿವಿನಲ್ಲೂ, ದಪ್ಪ ಇಟ್ಟಿಗೆಯನ್ನು ಪಕ್ಕದ ಶಾಂತ ಭಾಗದಲ್ಲೂ ಇಡಬಹುದು. ಆದರೆ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ದಾಟಿರುವ ಟ್ಯಾಂಕಿಗೆ ಎರಡು ಇಟ್ಟಿಗೆ ಇಟ್ಟು ಇಳಿಯುತ್ತದೆ ಅಂತ ಕಾಯಬೇಡಿ. ತಿನಿಸು ಕಡಿಮೆ ಮಾಡಿ, ನೀರು ಬದಲಿಸಿ, ರೆಫ್ಯೂಜಿಯಂನಲ್ಲಿ ಪಾಚಿ ಬೆಳೆಸಿ ಕತ್ತರಿಸಿ ತೆಗೆಯಿರಿ, ಅದು ಖಚಿತವಾಗಿ ಕೆಲಸ ಮಾಡುತ್ತದೆ. ಇನ್ನೊಂದು ತುದಿಗೂ ಹೋಗಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗೆ ಇಳಿದರೆ ಹವಳಗಳು ಬಣ್ಣಗೆಡುತ್ತವೆ, ಕಂದು ಲೋಳೆಯ ಹಾಗೆ ಡೈನೋಫ್ಲಾಜೆಲೇಟ್ ಹಬ್ಬಲು ಅದು ಒಳ್ಳೆ ಅವಕಾಶ.

ಬಯೋ ಬಾಲ್‌ಗಳಿಗೆ ಕೆಟ್ಟ ಹೆಸರು ಬಂದದ್ದೂ ಈ ಲೆಕ್ಕದಿಂದಲೇ. 1980ರ ದಶಕದಲ್ಲಿ ವೆಟ್ ಡ್ರೈ ಫಿಲ್ಟರ್‌ಗಳು ಬಹಳ ಜನಪ್ರಿಯವಾದವು. ಪ್ಲಾಸ್ಟಿಕ್ ಚೆಂಡುಗಳ ಮೇಲೆ ನೀರು ತೊಟ್ಟಿಕ್ಕುತ್ತಾ ಗಾಳಿಯಲ್ಲೇ ಇಳಿಯುವುದರಿಂದ ಆಮ್ಲಜನಕಕ್ಕೆ ಕೊರತೆಯೇ ಇಲ್ಲ, ಅಮೋನಿಯ ಪಟ್ಟನೆ ಹೋಗುತ್ತದೆ. ಆದರೆ ಚೆಂಡಿನಲ್ಲಿ ಆಮ್ಲಜನಕ ಇಲ್ಲದ ಮೂಲೆಯೇ ಇಲ್ಲ, ಆದ ನೈಟ್ರೇಟ್ ಪೂರ್ತಿ ನೀರಿಗೆ ಸೇರಿ ಟ್ಯಾಂಕಿಗೆ ವಾಪಸ್. ಲೈವ್ ರಾಕ್‌ನಲ್ಲಾದರೆ (ಸೂಕ್ಷ್ಮಜೀವಿಗಳು ತುಂಬಿದ ಸಮುದ್ರದ ಬಂಡೆ) ಹೊರಪದರದಲ್ಲಿ ಹುಟ್ಟಿದ ನೈಟ್ರೇಟ್ ಕೆಲವೇ ಮಿಲಿಮೀಟರ್ ಒಳಗೆ ಹೋದರೆ ಅಲ್ಲೇ ಅನಿಲವಾಗಿ ಹೋಗುತ್ತದೆ. ಚೆಂಡುಗಳ ನಡುವೆ ಸಿಕ್ಕಿಕೊಂಡ ಕಸ ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಮೀನು ಮಾತ್ರ ಇರುವ ಟ್ಯಾಂಕಿಗೆ ಅವು ಇವತ್ತಿಗೂ ಒಳ್ಳೆಯವೇ, ಹವಳದ ಟ್ಯಾಂಕಿಗೆ ಬೇಡ.

ಲೈವ್ ರಾಕ್ ಮಾತು ಬಂದಿದ್ದರಿಂದ ಒಂದು ಮುಖ್ಯ ವಿಷಯ. ರೀಫ್ ಟ್ಯಾಂಕಿನ ದೊಡ್ಡ ಬಯೋ ಫಿಲ್ಟರ್ ಸಂಪಿನಲ್ಲಿ ಇಲ್ಲ, ಡಿಸ್‌ಪ್ಲೇಯಲ್ಲೇ ಇದೆ. ಇಂಡೋನೇಷ್ಯಾದ ಲೀ ಚಿನ್ ಎಂಗ್ ಜೀವಂತ ಬಂಡೆ ಮತ್ತು ಗಾಳಿ ಗುಳ್ಳೆಗಳಿಂದಲೇ ಟ್ಯಾಂಕ್ ನಡೆಸುವ ಬಗೆಯನ್ನು 1961ರಷ್ಟು ಹಿಂದೆಯೇ ಬರೆದಿದ್ದರು. ಆಮೇಲೆ ಜರ್ಮನಿಯ ಹವ್ಯಾಸಿಗಳು ಬಂಡೆಗೆ ಸ್ಕಿಮ್ಮರ್ ಸೇರಿಸಿ ಬರ್ಲಿನ್ ಪದ್ಧತಿ ಅಂತ ಹೆಸರಾದ ದಾರಿ ಮಾಡಿಕೊಟ್ಟರು, ಇವತ್ತಿನ ಬಹುತೇಕ ರೀಫ್ ಟ್ಯಾಂಕ್‌ಗಳ ಬುಡ ಅದೇ. ಜೊತೆಗೆ ಹವಳದೊಳಗಿನ ಪಾಚಿ ಕೂಡ ಅಮೋನಿಯವನ್ನು ನೇರವಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಸಂಪಿನ ಮೀಡಿಯಾ ಬಗ್ಗೆ ಯೋಚಿಸುವ ಮುಂಚೆ ಬಂಡೆ ಹೇಗೆ ಜೋಡಿಸಿದ್ದೀರಿ ನೋಡಿ. ಹಿಂದಿನ ಗಾಜಿಗೆ ಒತ್ತಿ ಗೋಡೆ ಕಟ್ಟಿದ ಹಾಗೆ ಪೇರಿಸಿದರೆ ಅದರ ಹಿಂಭಾಗ ಹೂಳಿನ ಗುಂಡಿಯಾಗುತ್ತದೆ. ಗಾಜಿನಿಂದ ಒಂದು ಅಂಗೈ ದೂರ ಬಿಟ್ಟು, ಕಮಾನು ಸಂದಿಗಳನ್ನು ಉಳಿಸಿಕೊಂಡು, ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ತಳ್ಳುವ ಪಂಪ್) ಒಂದೇ ಕಡೆ ತಳ್ಳದೆ ಹಿಂದೆಯೂ ನೀರು ಸುತ್ತಿ ಬರುವಂತೆ ತಿರುಗಿಸಿದರೆ ಅಲ್ಲೇ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿಯಿತು.

ಹಾಗಾದರೆ ಬೇರೆ ಮೀಡಿಯಾ ಯಾರಿಗೆ ಬೇಕು? ಬಂಡೆ ಕಡಿಮೆ ಇಟ್ಟು ಮೀನು ಈಜಲು ಜಾಗ ಬಿಟ್ಟವರಿಗೆ, ತಳದಲ್ಲಿ ಮರಳು ಹಾಕದವರಿಗೆ, ಹವಳದ ತುಂಡು ಬೆಳೆಸುವ ಖಾಲಿ ಟ್ಯಾಂಕಿಗೆ, ಮೀನು ಜಾಸ್ತಿ ಇಟ್ಟು ದಿನಕ್ಕೆ ಹಲವು ಸಲ ತಿನಿಸು ಹಾಕುವವರಿಗೆ. ಉಳಿದವರಿಗೆ ಅದು ಸ್ವಲ್ಪ ಹೆಚ್ಚುವರಿ ಭದ್ರತೆ ಅಷ್ಟೇ. ಮೀಡಿಯಾ ದುಪ್ಪಟ್ಟು ಮಾಡಿದರೆ ಬ್ಯಾಕ್ಟೀರಿಯಾ ದುಪ್ಪಟ್ಟಾಗುವುದಿಲ್ಲ. ಟ್ಯಾಂಕಿನಲ್ಲಿ ಎಷ್ಟು ಅಮೋನಿಯ ಹುಟ್ಟುತ್ತದೋ ಅಷ್ಟನ್ನು ತಿನ್ನುವಷ್ಟು ಜೀವಿಗಳು ಮಾತ್ರ ಬದುಕುತ್ತವೆ, ಜಾಗ ಜಾಸ್ತಿ ಕೊಟ್ಟರೆ ತೆಳ್ಳಗೆ ಹರಡಿಕೊಳ್ಳುತ್ತವೆ.

ಸಂಪ್ ಇಲ್ಲದವರು ಕ್ಯಾನಿಸ್ಟರ್, ಅಂದರೆ ಮುಚ್ಚಿದ ಡಬ್ಬಿಯಂಥ ಫಿಲ್ಟರ್, ಬಳಸುವುದುಂಟು. ಇಲ್ಲಿ ಎಲ್ಲ ನೀರೂ ಮೀಡಿಯಾ ಮೂಲಕವೇ ಹೋಗುವುದು ಒಳ್ಳೆಯದು. ಸ್ಪಂಜು ಮೊದಲು, ಮೀಡಿಯಾ ಆಮೇಲೆ, ಈ ಕ್ರಮ ತಪ್ಪಬಾರದು, ಸ್ಪಂಜನ್ನು ವಾರಕ್ಕೊಮ್ಮೆಯಾದರೂ ತೊಳೆಯಬೇಕು. ಕರೆಂಟ್ ಹೋದಾಗ ಮಾತ್ರ ಎಚ್ಚರ. ಮುಚ್ಚಿದ ಡಬ್ಬಿಯಲ್ಲಿ ನಿಂತ ನೀರಿನ ಆಮ್ಲಜನಕ ಬೇಗ ಮುಗಿಯುತ್ತದೆ, ಜೀವಿಗಳು ಸಾಯಲು ಶುರುವಾಗುತ್ತವೆ, ಇನ್ನೂ ಹೊತ್ತಾದರೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಕೂಡ ಹುಟ್ಟಬಹುದು. ಹಲವು ಗಂಟೆ ನಿಂತಿದ್ದರೆ ಒಳಗಿನ ನೀರನ್ನು ಚೆಲ್ಲಿ, ಮೀಡಿಯಾವನ್ನು ಟ್ಯಾಂಕಿನ ನೀರಲ್ಲಿ ಜಾಲಿಸಿ, ಆಮೇಲೆಯೇ ಪಂಪ್ ಹಾಕಿ. ತೆರೆದ ಸಂಪಿನಲ್ಲಿ ಗಾಳಿ ತಾಗುತ್ತಿರುವುದರಿಂದ ಇಷ್ಟು ಬೇಗ ಕೆಡುವುದಿಲ್ಲ. ಹಿಂದೆ ಕೋಣೆಗಳಿರುವ ಆಲ್ ಇನ್ ಒನ್ ಟ್ಯಾಂಕ್‌ಗಳಿಗೂ ಸಂಪಿನ ನಿಯಮವೇ: ಮೊದಲ ಕೋಣೆಯಲ್ಲಿ ಸೋಸುವ ಬಟ್ಟೆ, ನಡುವೆ ಮೀಡಿಯಾ, ಕೊನೆಗೆ ಪಂಪ್. ಹೀಟರನ್ನು ಮೀಡಿಯಾ ನಡುವೆ ಹೂಳಬೇಡಿ. ಬಯೋ ಪೆಲೆಟ್ ರಿಯಾಕ್ಟರ್ (ಬ್ಯಾಕ್ಟೀರಿಯಾ ತಿನ್ನುವ ಗುಳಿಗೆ ತುಂಬಿದ ಕೊಳವೆ) ಮಾತ್ರ ಈ ಸಾಲಿಗೆ ಸೇರುವುದಿಲ್ಲ. ಅದರಿಂದ ಬ್ಯಾಕ್ಟೀರಿಯಾ ಉದುರಿ ನೀರಿಗೆ ಬರುತ್ತಲೇ ಇರುತ್ತವೆ, ಹಾಗಾಗಿ ಅದರ ಹೊರಪೈಪನ್ನು ಸ್ಕಿಮ್ಮರ್ ನೀರು ಎಳೆಯುವ ಬಾಯಿಯ ಹತ್ತಿರ ಇಡಬೇಕು.

ಇಟ್ಟ ಜಾಗ ಸರಿಯಿದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ಇದೆ. ನೀರು ಬದಲಿಸುವ ದಿನ ಹೊರತೆಗೆದ ಟ್ಯಾಂಕಿನ ನೀರನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡು, ಒಂದು ಹಿಡಿ ಮೀಡಿಯಾ ತೆಗೆದು ಅದರಲ್ಲಿ ಮೆಲ್ಲಗೆ ಅಲ್ಲಾಡಿಸಿ. ನೀರು ಸ್ವಲ್ಪ ಮಬ್ಬಾದರೆ, ಕಲ್ಲು ಮುಟ್ಟಿದಾಗ ತೆಳ್ಳಗೆ ಜಾರಿದ ಹಾಗಾದರೆ ಎಲ್ಲ ಚೆನ್ನಾಗಿದೆ. ಕಾಫಿ ಬಣ್ಣದ ಮೋಡ ಎದ್ದು ಬಕೆಟ್ಟಿನ ತಳವೇ ಕಾಣದಷ್ಟಾದರೆ ಹೂಳು ಕೂತಿದೆ ಅಂತ ಅರ್ಥ. ಆಗ ಮೊದಲು ಮಾಡಬೇಕಾದ್ದು ಸಾಕ್ ಬೇಗ ಬೇಗ ಬದಲಿಸುವುದು, ಇಲ್ಲವೇ ಮೀಡಿಯಾ ಜಾಗ ಬದಲಿಸುವುದು. ನಲ್ಲಿ ನೀರಲ್ಲಿ ತೊಳೆಯಲೇಬೇಡಿ, ಅದರ ಕ್ಲೋರಿನ್ ಇವನ್ನೆಲ್ಲ ಕೊಲ್ಲುತ್ತದೆ. ಎಲ್ಲವನ್ನೂ ಒಂದೇ ದಿನ ತೊಳೆಯುವುದೂ ಬೇಡ. ಹಳೆಯ ಮೀಡಿಯಾ ತೆಗೆದುಹಾಕಬೇಕು ಅನ್ನಿಸಿದರೆ ಕಾಲು ಭಾಗ ತೆಗೆಯಿರಿ, ಎರಡು ವಾರ ಬಿಡಿ, ಅಮೋನಿಯ ಪರೀಕ್ಷೆ ಮಾಡಿ, ಸೊನ್ನೆಯೇ ಇದ್ದರೆ ಮುಂದಿನ ಕಾಲು ಭಾಗ.

ಸಂಪಿನಲ್ಲಿ ಮೀಡಿಯಾ ಇಡುವುದರ ಒಂದು ದೊಡ್ಡ ಲಾಭವನ್ನು ಜನ ಮರೆಯುತ್ತಾರೆ. ಹೊಸ ಮೀನು ತಂದಾಗಲೋ, ಒಂದು ಮೀನಿಗೆ ಹುಷಾರಿಲ್ಲದಾಗಲೋ ಬೇರೆ ಟ್ಯಾಂಕ್ ಬೇಕಾಗುತ್ತದೆ, ಅದಕ್ಕೆ ಸೈಕಲ್ ಆಗಲು ಕಾಯುವಷ್ಟು ಸಮಯ ಇರುವುದಿಲ್ಲ. ಒಂದು ಸಣ್ಣ ಚೀಲ ಉಂಗುರವನ್ನೋ ಸ್ಪಂಜನ್ನೋ ಮೀಡಿಯಾ ಪಕ್ಕದಲ್ಲೇ ಸದಾ ಇಟ್ಟುಕೊಂಡಿದ್ದರೆ ಅದನ್ನು ಎತ್ತಿ ಹಾಕಿದ ಕೂಡಲೇ ಆ ಟ್ಯಾಂಕಿನಲ್ಲೂ ಫಿಲ್ಟರ್ ಶುರು. ಆದರೆ ಅದು ಹೋಗುವ ದಾರಿ ಒಂದೇ, ವಾಪಸ್ ಬರುವಂತಿಲ್ಲ. ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ತನ್ನ ಒಂದು ಹಂತದಲ್ಲಿ ಮೀನನ್ನು ಬಿಟ್ಟು ಗಟ್ಟಿ ಮೇಲ್ಮೈಗೆ ಅಂಟಿಕೊಂಡು ಕೂರುತ್ತದೆ, ಉಂಗುರದ ಮೇಲೂ ಕೂರಬಹುದು. ತಾಮ್ರದ ಔಷಧಿ ಹಾಕಿದ್ದರೆ ಆ ಕಲ್ಲು ತಾಮ್ರವನ್ನೂ ಹಿಡಿದಿಟ್ಟುಕೊಂಡು ಆಮೇಲೆ ಮೆಲ್ಲಗೆ ಬಿಡುತ್ತದೆ, ಹವಳ, ಸೀಗಡಿ, ಬಸವನಹುಳುಗಳಿಗೆ ಅದು ವಿಷ. ಹಾಗಾಗಿ ಆ ಚೀಲದ ಬಾಯಿಗೆ ಬೇರೆ ಬಣ್ಣದ ಟ್ಯಾಗ್ ಕಟ್ಟಿಡಿ, ಚಿಕಿತ್ಸೆಯ ಟ್ಯಾಂಕಿಗೆ ಹೋಗಿಬಂದದ್ದು ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗಬೇಕು, ಅದರ ಜಾಗಕ್ಕೆ ಸಂಪಿನಲ್ಲಿ ಅದೇ ದಿನ ಹೊಸ ಉಂಗುರದ ಚೀಲ ಇಟ್ಟುಬಿಡಿ.